ಸಯೀದಾಳ ಪಕ್ಕದ ಜಾಗ

ಆನೇಮಹಲಿನಲ್ಲಿ ಗಾಡಿ ನಸ್ರುಲ್ಲಾ ಎಂದರೆ ಗೊತ್ತಿಲ್ಲದವರಿರಲಿಲ್ಲ. ಹೆತ್ತೂರು ಕಡೆಯ ಎಸ್ಟೇಟುಗಳಿಂದ ಸಕಲೇಶಪುರಕ್ಕೆ ಎತ್ತಿನ ಗಾಡಿಯಲ್ಲಿ ಕಾಫಿ ಮೂಟೆ ಸಾಗಿಸುವುದು ಅವನ ಕಸುಬು. ಊರಿನ ಖಬರಸ್ತಾನದಲ್ಲಿ ಗುಂಡಿ ತೋಡುವುದು ಅವನು ಪುಣ್ಯಕ್ಕೆಂದು ಮಾಡುತ್ತಿದ್ದ ಕೆಲಸ. ಬಾಯಿ ಜೋರು, ಹಟ ಅದಕ್ಕಿಂತ ಜೋರು. ಹೆಂಡತಿ ಸಯೀದಾ ತೀರಿಕೊಂಡ ಮೇಲೆ ಎತ್ತುಗಳನ್ನು ಬಿಟ್ಟು ಬೇರೆ ಯಾರ ಜೊತೆಗಾದರೂ ಅವನು ಮೆತ್ತಗೆ ಮಾತಾಡಿದ್ದನ್ನು ಕಂಡವರಿಲ್ಲ.

ಆ ಸೀಮೆಯ ಮಳೆಗಾಲದಲ್ಲಿ ಸಾಯುವುದೇನೋ ಸುಲಭ, ಹೂಳುವುದೇ ಕಷ್ಟ. ಗುದ್ದಲಿ ಹಾಕಿ ಮೊಣಕಾಲುದ್ದ ಅಗೆಯುವಷ್ಟರಲ್ಲಿ ಕೆಳಗಿನಿಂದ ಜಲ ಏಳುತ್ತದೆ. ಅದಕ್ಕೇ ಮಳೆ ಹಿಡಿಯುವ ಮೊದಲೇ ಒಂದು ಗುಂಡಿ ತೋಡಿ, ಮೇಲೆ ಹುಲ್ಲಿನ ಮಾಡು ಕಟ್ಟಿ, ಸುತ್ತ ನೀರು ಹರಿಯಲು ಕಾಲುವೆ ತೆಗೆದಿಡುವುದು ಅಲ್ಲಿನ ಮುಸಲ್ಮಾನರ ಪದ್ಧತಿ. ಇಂಥವರದು ಎಂದು ಅದಕ್ಕೆ ಹೆಸರಿರುತ್ತಿರಲಿಲ್ಲ. ಯಾರಿಗೆ ಮೇಲಿನಿಂದ ಕರೆ ಬರುತ್ತದೋ ಅವರದು. ಯಾರಿಗೂ ಬರದಿದ್ದರೆ ಮಳೆ ಬಿಟ್ಟ ಮೇಲೆ ನಗುನಗುತ್ತಲೇ ಮಣ್ಣು ಎಳೆದು ಮುಚ್ಚುತ್ತಿದ್ದರು.

ಸಯೀದಾಗೆ ಮಕ್ಕಳಾಗಲಿಲ್ಲ. ದರ್ಗಾಗಳಿಗೆ ಹರಕೆ ಹೊತ್ತದ್ದಾಯಿತು, ಹಾಸನದ ಡಾಕ್ಟರಿಗೆ ತೋರಿಸಿದ್ದಾಯಿತು. ನಿನ್ನ ತಕ್ದೀರಿನಲ್ಲಿ ಬರೆದಿಲ್ಲ ಬಿಡು ಎಂದು ನೆಂಟರು ಸಮಾಧಾನ ಹೇಳಿದರೆ ಹೌದೆಂದು ತಲೆಯಾಡಿಸಿ, ಮನೆಗೆ ಬಂದು ಅಳುತ್ತಿದ್ದಳು. ಒಬ್ಬಳೇ ಇರುವುದೆಂದರೆ ಅವಳಿಗೆ ಆಗದು. ಗಂಡ ಗಾಡಿ ಕಟ್ಟಿಕೊಂಡು ಹೊರಟ ಕೂಡಲೇ ಮನೆಗೆ ಚಿಲಕ ಹಾಕಿ, ಪಕ್ಕದ ಬೋರಯ್ಯನ ಜಗಲಿಗೆ ಹೋಗಿ ಅವನ ಹೆಂಡತಿ ದೇವೀರಮ್ಮನ ಜೊತೆ ಕೂರುತ್ತಿದ್ದಳು. ಕೊನೆಗೆ ಜ್ವರ ಬಂದು ಮಲಗಿದವಳು, ತಾನಿನ್ನು ಏಳುವುದಿಲ್ಲ ಎಂದು ಅವಳಿಗೇ ಗೊತ್ತಾದಾಗ ಗಂಡನ ಕೈ ಹಿಡಿದುಕೊಂಡಳು.

"ಅಲ್ಲಿ ಒಬ್ಳೇ ಹೆಂಗ್ ಮಲಗ್ಲಿ? ನನ್ ಪಕ್ದಲ್ಲಿ ಯಾರ್ನೂ ಹಾಕಬ್ಯಾಡಿ. ನೀವೇ ಬಂದ್ಬುಡಿ."

"ಬತ್ತೀನಿ ಕಣೆ," ಎಂದ ನಸ್ರುಲ್ಲಾ.

ಖಬರಸ್ತಾನದ ಮೇಲಿನ ಮೂಲೆಯಲ್ಲಿ, ನೀರು ನಿಲ್ಲದ ಕಡೆ, ಅವಳನ್ನು ಹೂಳಿದ. ಅವಳ ಒಂದು ಮಗ್ಗುಲಿಗೆ ಬಂಡೆ. ಇನ್ನೊಂದು ಮಗ್ಗುಲಿಗೆ ಒಬ್ಬರು ಮಲಗುವಷ್ಟು ಜಾಗ, ಅದರಾಚೆ ಬೇಲಿ. ಅಂದಿನಿಂದ ಪ್ರತಿ ಬೇಸಿಗೆಯ ಕೊನೆಗೆ ನಸ್ರುಲ್ಲಾ ಎರಡು ಗುಂಡಿ ತೋಡತೊಡಗಿದ. ಊರಿಗೊಂದು, ಸಯೀದಾಳ ಪಕ್ಕದಲ್ಲಿ ತನಗೊಂದು. ತನ್ನದಕ್ಕೆ ತಾನೇ ಇಳಿದು, ಮಲಗಿ, ಅಳತೆ ನೋಡಿ ಎದ್ದು ಬರುತ್ತಿದ್ದ.

ಮಾಡಿಗೆ ಹುಲ್ಲು ಹೊತ್ತು ತರುತ್ತಿದ್ದವನು ಬೋರಯ್ಯನೇ. ಅವನ ಬಾಯಿ ಸುಮ್ಮನಿರಬೇಕಲ್ಲ. "ಏನ್ ಸಾಬ್ರೇ, ಮನೆ ಕಟ್ಟಿ ವರ್ಷಗಟ್ಲೆ ಆಯ್ತು, ಇನ್ನೂ ಒಕ್ಕಲಾಗ್ಲಿಲ್ವಲ್ಲ?"

"ಆಯ್ತೀನಿ ಕಣೋ ಮಾರಾಯ. ಇದು ನಂಗೇ ಅಂತ ಬರೆದೈತೆ."

ಮಸೀದಿಯ ಹಬೀಬ್ ಹಜರತ್ತರಿಗೆ ಮಾತ್ರ ಇದು ಹಿಡಿಸಿರಲಿಲ್ಲ. "ಹುಟ್ಟೋದು, ಸಾಯೋದು ಬರೆದೈತೆ, ನಿಜ. ಆದ್ರೆ ಯಾವ ನೆಲದಲ್ಲಿ ಅಂತ ಮೇಲಿನವನು ಯಾರಿಗೂ ತಿಳಿಸಿಲ್ಲ ನಸ್ರುಲ್ಲಾ. ನೀನು ಗುದ್ದಲೀಲಿ ಗೀಚಿದ್ದನ್ನ ಅವನ ಬರಹ ಅಂತೀಯಲ್ಲ," ಎಂದು ಒಮ್ಮೆ ಹೇಳಿದ್ದರು. ನಸ್ರುಲ್ಲಾ ಕೇಳಿಸಿಕೊಂಡ. ಮರುದಿನ ಹೋಗಿ ಕಾಲುವೆಯನ್ನು ಇನ್ನಷ್ಟು ಆಳ ಮಾಡಿದ. ಅವನ ಹಟವೇ ಅಂಥದ್ದು.

ಎಡಕುಮೇರಿಯ ಕಾಡಿನಲ್ಲಿ ರೈಲುದಾರಿಗೆಂದು ಮರ ಕಡಿಯಲು ಶುರುಮಾಡಿದ ಕಾಲವದು. ಆ ವರ್ಷದ ಮಳೆ ನೆಲ ಮುಗಿಲು ಒಂದು ಮಾಡಿತ್ತು. ಊರಿಗೆಂದು ತೋಡಿದ್ದ ಗುಂಡಿಗೆ ಮಳೆಯ ಆರಂಭದಲ್ಲೇ ಮರಿಯಮ್ ಬೀ ಎಂಬ ಮುದುಕಿ ಹೋಗಿ ಮಲಗಿದ್ದಳು. ಒಂದು ದಿನ ಮಧ್ಯಾಹ್ನ ಕಾಡಿನ ಕೂಲಿಗಳು ಬಿದಿರಿನ ಚಟ್ಟದ ಮೇಲೆ ಒಂದು ಹೆಣ ಹೊತ್ತು ತಂದರು. ಉಪ್ಪಿನಂಗಡಿ ಕಡೆಯ ಹುಡುಗ, ಹೆಸರು ಶಫಿ. ಮರ ಬಿದ್ದು ಸತ್ತಿದ್ದ. ಅವನ ಊರಿಗೆ ಒಯ್ಯೋಣವೆಂದರೆ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು.

ಮಯ್ಯತ್ತಿಗೆ ಸ್ನಾನ ಮಾಡಿಸಿ, ಕಫನ್ ಹೊದಿಸಿ, ನಮಾಜು ಮುಗಿಸಿದರು. ಇತ್ತ ಗುಂಡಿ ಮಾತ್ರ ಆಗಲಿಲ್ಲ. ನಸ್ರುಲ್ಲಾ ಅಲ್ಲಿ ಅಗೆದ, ಇಲ್ಲಿ ಅಗೆದ, ಎಲ್ಲಿ ಅಗೆದರೂ ಕೆಸರು ನೀರು ಮೇಲೆ ಬಂತು. ನೀರಿನಲ್ಲಿ ಆ ಹುಡುಗನನ್ನು ಇಳಿಸುವುದು ಹೇಗೆ? ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಮೇಲಿನ ಮೂಲೆಯ ಹುಲ್ಲಿನ ಮಾಡಿನ ಕಡೆ ಹೋಯಿತು. ಬಾಯಿಬಿಟ್ಟು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಜರತ್ತರು ಕೂಡ ನೆಲ ನೋಡುತ್ತಿದ್ದರು.

"ಏನ್ ನೋಡ್ತೀರ ಎಲ್ಲ?" ನಸ್ರುಲ್ಲಾ ಗುದ್ದಲಿ ಎಸೆದ. "ಅದು ನಂದು. ನಾನು ಅವ್ಳಿಗೆ ಮಾತು ಕೊಟ್ಟಿವ್ನಿ."

ಯಾರಾದರೂ ಎದುರಾಡಿದ್ದರೆ ಜಗಳವಾಡಿಕೊಂಡು ಮನೆಗೆ ಹೋಗಿಬಿಡುತ್ತಿದ್ದನೇನೋ. ಜಗಳಕ್ಕೆ ಯಾರೂ ಸಿಗದೆ, ಹೋಗಿ ಸಯೀದಾಳ ಮಗ್ಗುಲಿನ ಬಂಡೆಯ ಹತ್ತಿರ ಕೂತ. ಅವಳಿಗೆ ಏನೆಂದು ಹೇಳುವುದು? ಬರುತ್ತೇನೆ ಎಂದವನು ಬೇರೆ ಯಾರನ್ನೋ ಕಳಿಸಿದೆ ಎಂದೇ? ಕಣ್ಣೆತ್ತಿದರೆ ಕೆಳಗೆ ಚಟ್ಟದ ಮೇಲೆ ಆ ಹುಡುಗನ ಕಫನ್ನು ನೆನೆಯುತ್ತಿತ್ತು. ಬೋರಯ್ಯ ಮಳೆಗೆಂದು ತಲೆಯ ಮೇಲೆ ಹೊದ್ದಿದ್ದ ತನ್ನ ಗೊರಬು ತೆಗೆದು ಹೆಣದ ಮುಖದ ಮೇಲೆ ಹಿಡಿದು, ತಾನು ಮಳೆಯಲ್ಲಿ ತೋಯುತ್ತ ನಿಂತಿದ್ದ. ಅದನ್ನು ನೋಡಿ ನಸ್ರುಲ್ಲಾನಿಗೆ ನಾಚಿಕೆಯಾಯಿತು.

ಎದ್ದು ಬಂದು ಮಾಡನ್ನು ತಾನೇ ಕಿತ್ತ. ಹುಡುಗ ಅವನಿಗಿಂತ ಉದ್ದ. ಕಾಲ ಕಡೆ ಇನ್ನಷ್ಟು ಕಡಿಯಬೇಕಾಯಿತು. "ತೋಡಿದೋನು ನಾನು, ಬರೆದೋನು ಮೇಲಿನೋನು," ಎಂದು ಗೊಣಗುತ್ತಲೇ ಕಡಿದ. ಪದ್ಧತಿಯಂತೆ ಗುಂಡಿಗೆ ಇಳಿದು ನಿಂತು, ವರ್ಷವರ್ಷವೂ ತಾನು ಮಲಗಿ ಎದ್ದ ಜಾಗಕ್ಕೆ ಹುಡುಗನನ್ನು ಇಳಿಸಿಕೊಂಡು, ಮುಖವನ್ನು ಮೆಕ್ಕಾದ ಕಿಬ್ಲಾ ದಿಕ್ಕಿಗೆ ಹೊರಳಿಸಿದ. ಹಲಗೆ ಮುಚ್ಚಿ, ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿ, ಮನೆಗೆ ಹೋದ. ಆ ಮಳೆಗಾಲವಿಡೀ ಅವನು ಮೇಲಿನ ಮೂಲೆಯ ಕಡೆ ಸುಳಿಯಲಿಲ್ಲ. ಮಾತಿಗೆ ತಪ್ಪಿದ ಮುಖ ಹೊತ್ತು ಅವಳ ಮುಂದೆ ಹೋಗಿ ನಿಲ್ಲುವುದು ಅವನಿಂದಾಗಲಿಲ್ಲ.

ಮಳೆ ಬಿಟ್ಟು ಘಾಟಿ ರಸ್ತೆ ತೆರೆದ ಮೇಲೆ ಶಫಿಯ ತಾಯಿ ನಸೀರಾ ಬಂದಳು. ವಯಸ್ಸಾದ ಹೆಂಗಸು, ಜೊತೆಗೆ ತಮ್ಮನನ್ನು ಕರೆತಂದಿದ್ದಳು. ನಸ್ರುಲ್ಲಾ ಬೇರೆ ದಾರಿಯಿಲ್ಲದೆ ಗೋರಿ ತೋರಿಸಲು ಹೋದ. ಹೆಂಗಸರು ಖಬರಸ್ತಾನದೊಳಗೆ ಬರುವ ಪದ್ಧತಿ ಇಲ್ಲದ್ದರಿಂದ ಆಕೆ ಬೇಲಿಯ ಹೊರಗೇ ನಿಂತು ಬಹಳ ಹೊತ್ತು ದುವಾ ಮಾಡಿದಳು, ಅತ್ತಳು, ಕಣ್ಣೊರೆಸಿಕೊಂಡಳು.

"ಪಕ್ಕದಲ್ಲಿ ಇರುವುದು ಯಾರದ್ದು?"

"ನನ್ ಹೆಂಡ್ರು, ಬೆಹೆನ್."

"ಮಕ್ಕಳು ಎಷ್ಟು ಅವರಿಗೆ?"

"ಇಲ್ಲ. ಬೋ ಆಸೆ ಇತ್ತು. ಆಗ್ಲಿಲ್ಲ."

ಆಕೆ ಎರಡೂ ಗೋರಿಗಳನ್ನು ನೋಡಿದಳು. "ನನಗೆ ಇಷ್ಟು ದಿನ ನಿದ್ದೆ ಇರಲಿಲ್ಲ ಅಣ್ಣ. ಕಾಣದ ಊರಿನಲ್ಲಿ ನನ್ನ ಮಗ ಒಬ್ಬನೇ ಮಲಗಿದ್ದಾನಲ್ಲ ಅಂತ. ಈಗ ಅವನಿಗೆ ಪಕ್ಕದಲ್ಲಿ ತಾಯಿ ಉಂಟಲ್ಲ. ಸಾಕು ನನಗೆ."

ನಸ್ರುಲ್ಲಾ ಮುಖ ತಿರುಗಿಸಿಕೊಂಡ. ಆಕೆಯನ್ನು ಬಸ್ಸು ಹತ್ತಿಸಿ ಬಂದವನು ಸೀದಾ ಮೇಲಿನ ಮೂಲೆಗೆ ಹೋಗಿ, ಸಯೀದಾಳ ಹತ್ತಿರ ಕೂತು ಮನಸ್ಸು ಬಿಚ್ಚಿ ಅತ್ತ. ದುಃಖಕ್ಕಲ್ಲ.

ಮುಂದಿನ ಬೇಸಿಗೆಯ ಕೊನೆಗೆ ಬೋರಯ್ಯ ಎಂದಿನಂತೆ ಹುಲ್ಲಿನ ಹೊರೆ ಹೊತ್ತು ಬಂದ. ಖಬರಸ್ತಾನದಲ್ಲಿ ಊರಿನ ಗುಂಡಿ ಒಂದೇ ಇತ್ತು. ನಸ್ರುಲ್ಲಾ ಅದರೊಳಗೆ ನಿಂತು ಅಂಚು ಸವರುತ್ತಿದ್ದ.

"ಇದೇನ್ ಸಾಬ್ರೇ, ಒಂದೇ ತೋಡಿದೀರಿ? ನಿಮ್ದೆಲ್ಲಿ?"

"ಎಲ್ಲೈತೋ ಯಾರಿಗ್ ಗೊತ್ತು ಬೋರಣ್ಣ," ಎಂದು ನಸ್ರುಲ್ಲಾ ಬೆವರು ಒರೆಸಿಕೊಂಡ. "ಅವ್ಳ್ ಜೊತೆ ಮಗ ಅವ್ನೆ. ಈಗ ನಂಗೇನ್ ಅವಸರ?"