ಗಿರಿಜಾ ದಿನಾ ಬಿಚ್ಚಿದ ದ್ರಾಕ್ಷಿ ಪೆಟ್ಟಿಗೆ

ನಿನ್ನೆ ಇಲ್ಲಿ, ಸಂಭಾಜಿನಗರದ ಮಗಳ ಮನೆಯಲ್ಲಿ, ದ್ರಾಕ್ಷಿ ಪೆಟ್ಟಿಗೆ ತೆರೆದಾಗ ಗೀರಿದ ಬೆಂಕಿಕಡ್ಡಿಯಂಥ ವಾಸನೆ ಬಂತು. ಮೊಮ್ಮಗಳು ಮೂಗು ಮುಚ್ಚಿಕೊಂಡಳು. ನಾನು, ಸೆಂಟಿಮೆಂಟಲ್ ಫೂಲ್, ಇನ್ನೊಮ್ಮೆ ಮೂಸಿದೆ.

ನಿಮಗೆ ಗಿರಿಜಾಳ ವಿಷಯ ಹೇಳಬೇಕು. ಯಜಮಾನರ ಬ್ಯಾಂಕ್ ಟ್ರಾನ್ಸ್‌ಫರ್ ನಮ್ಮನ್ನು ನಾಸಿಕ್‌ಗೆ ಕರೆದೊಯ್ದಾಗ ಅಲ್ಲಿ ಪಕ್ಕದ ಮನೆಯವಳು, ವಿಜಾಪುರದ ಕಡೆಯವಳು. ದ್ರಾಕ್ಷಿ ಪ್ಯಾಕ್ ಮಾಡುವ ಶೆಡ್ ನಡೆಸುತ್ತಿದ್ದಳು. ಕೆಲಸಕ್ಕೂ ಅವಳೂರ ಹೆಂಗಸರೇ. ಆ ವರ್ಷ ಮೊದಲ ಸಲ ಅವಳ ಕಂಟೇನರ್ ಯುರೋಪಿಗೆ ಹೊರಟಿತ್ತು. ಮಾಲು ಕೆಟ್ಟರೆ ಶೆಡ್ ಮುಚ್ಚುವುದೇ.

ಅಷ್ಟರಲ್ಲಿ ಸೊಮಾಲಿಯಾ ಕಡೆ ಕಡಲ್ಗಳ್ಳರ ಹಾವಳಿ. ಹಡಗು ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತಿಕೊಂಡು ಹೋಗುತ್ತದೆ, ವಾರಗಟ್ಟಲೆ ತಡ ಎಂದು ರಫ್ತಿನ ಏಜೆಂಟ್ ತಿಳಿಸಿದ. ನಮ್ಮ ಕಾನ್ವೆಂಟಿನ ಸಿಸ್ಟರ್ ಮ್ಯಾಪಿನಲ್ಲಿ ಕೋಲಿಟ್ಟು ತೋರಿಸುತ್ತಿದ್ದ ಕೇಪ್ ಆಫ್ ಗುಡ್ ಹೋಪ್ ನೆನಪಾಗಿ, ಹೆಸರಿನಲ್ಲೇ ಹೋಪ್ ಇದೆಯಲ್ಲ ಎಂದೆ. ಗಿರಿಜಾ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದಳು.

ಈ ಕಸುಬಿನಲ್ಲಿ ಒಂದು ರೂಢಿ. ಕಳಿಸಿದ ಮಾಲಿನದೇ ಒಂದು ಪೆಟ್ಟಿಗೆಯನ್ನು ಇಲ್ಲೇ ಕೋಲ್ಡ್ ರೂಮಿನಲ್ಲಿ ಉಳಿಸಿಕೊಳ್ಳುತ್ತಾರೆ. ಹಡಗು ಮುಟ್ಟುವ ಹೊತ್ತಿಗೆ ತೆರೆದರೆ, ಅಲ್ಲಿನ ಹಣ್ಣಿನ ಸ್ಥಿತಿ ತಿಳಿಯುತ್ತದೆ. ಗಿರಿಜಾ ದಿನಾ ತೆರೆದಳು. ಬೆಳಕಿಗೆ ತಂದು, ಹಣ್ಣಿನ ಮೇಲೆ ಹೊದಿಸಿದ ಗಂಧಕದ ಹಾಳೆ ಎತ್ತಿ, ತೊಟ್ಟು ಹಸಿರಿದೆಯೇ ನೋಡುವಳು. ನಾನೂ ಕನ್ನಡಕ ಏರಿಸಿ ಬಗ್ಗುತ್ತಿದ್ದೆ. ಕೆಲವೇ ದಿನಗಳಲ್ಲಿ ತೊಟ್ಟು ಕಂದಿತು. ಹಣ್ಣು ಬೆವರಿ ಮೆತ್ತಗಾಯಿತು.

"ಅಕ್ಕಾರ, ಇಲ್ಲೇ ಹಿಂಗಾತಂದ್ರ ಹಡಗಿನ್ಯಾಗ ಏನ್ ಉಳದಿರತದ್ರಿ?" ಎಂದಳು.

ಹೆಂಗಸರನ್ನು ಕೂರಿಸಿ, ಬೇರೆ ಶೆಡ್ ನೋಡಿಕೊಳ್ಳಿ ಎಂದು ಹೇಳಿಬಿಟ್ಟಳು. ಅವರು ಊಟದ ಡಬ್ಬಿ ಎತ್ತಿಕೊಂಡು ಹೊರಟರು.

ಆಮೇಲೆ ಯುರೋಪಿನಿಂದ ಸುದ್ದಿ ಬಂತು: ಮಾಲು ಚೆನ್ನಾಗಿ ಮುಟ್ಟಿದೆ, ಇನ್ನೊಂದು ಕಂಟೇನರ್ ಬೇಕು. ಇಲ್ಲಿನ ಪೆಟ್ಟಿಗೆಯ ಕಥೆ ಕೇಳಿ ಏಜೆಂಟ್ ನಕ್ಕ. ಹಣ್ಣು ಕಾಯುವ ಗಂಧಕದ ಗಾಳಿಯನ್ನೆಲ್ಲ ನೀವೇ ದಿನಾ ಹೊರಗೆ ಬಿಟ್ಟಿರಿ ಮ್ಯಾಡಮ್ ಎಂದ. ಶೆಡ್ ಉಳಿಯಿತು, ಪ್ಯಾಕ್ ಮಾಡುವ ಕೈಗಳೇ ಇರಲಿಲ್ಲ. ಆಗಲೇ ಬೇರೆ ಕಡೆ ಸೇರಿದ್ದ ಹೆಂಗಸರ ಮನೆಗಳಿಗೆ ಅವಳು ಒಬ್ಬಳೇ ಹೋಗಿಬಂದಳು. ಮರುವರ್ಷ ಅರ್ಧದಷ್ಟು ಜನ ಮಾತ್ರ ಬಂದರು.

ಅಂದಿನಿಂದ ಪ್ರತಿ ಸಲ ಉಳಿಸಿಕೊಳ್ಳುವ ಪೆಟ್ಟಿಗೆಗೆ ಬೇರೆ ಫ್ರಿಜ್, ಫ್ರಿಜ್‌ಗೆ ಬೀಗ. ಕೀಲಿ ನನಗೆ ಕೊಟ್ಟು, "ನಾ ಅತ್ತು ಕೇಳಿದ್ರೂ ಕೊಡಬ್ಯಾಡ್ರಿ" ಎಂದಿದ್ದಳು. ನಾನು ಈ ಊರಿಗೆ ಬಂದ ಮೇಲೂ ಪ್ರತಿ ಸೀಸನ್ನಿಗೆ ಕೀಲಿ ಯಾರ ಕೈಯಲ್ಲಾದರೂ ಬರುತ್ತದೆ.

ಈ ಸಲ ಕೆಂಪು ಸಮುದ್ರದ ದಾರಿ ಮತ್ತೆ ಕೆಟ್ಟಿದೆ. ಹಡಗು ತಡ. ಬೆಳಿಗ್ಗೆ ಫೋನಿನಲ್ಲಿ ಗಿರಿಜಾ ಮಂಡಿನೋವು, ಮಾವಿನ ಉಪ್ಪಿನಕಾಯಿ ಎಲ್ಲ ಮಾತಾಡಿದಳು, ಕೀಲಿಯ ಮಾತೆತ್ತಲಿಲ್ಲ. ಕೀಲಿ ಪರ್ಸಿನಲ್ಲಿಟ್ಟುಕೊಂಡು ನಾನೇ ಅಳಿಯನನ್ನು ಎರಡು ಸಲ ನಾಸಿಕ್ ಬಸ್ಸಿನ ಟೈಮ್ ಕೇಳಿದ್ದೇನೆ.