ಅವ್ವ ಆಡಿದ ಪರದೇಶದ ಪದ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಮಾತು ಬದಲಿಸುತ್ತಿದ್ದೆ. ಭ್ರಮೆ, ಇಲ್ಲವೇ ಕಾಕತಾಳೀಯ ಎಂದು ಮನಸ್ಸಿನಲ್ಲೇ ಷರಾ ಬರೆದುಬಿಡುತ್ತಿದ್ದೆ. ನನ್ನ ಬಗ್ಗೆ ನೀವೂ ಹಾಗೇ ಅಂದುಕೊಂಡರೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ಸತ್ಯನಾರಾಯಣಪೇಟೆಯ ಮನೆಯಲ್ಲಿ ಅವ್ವ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಇದ್ದಕ್ಕಿದ್ದಂತೆ ಸೌಟು ಬಿಟ್ಟು, ತೋಳುಗಳನ್ನು ತಬ್ಬಿಕೊಂಡು ಗೋಡೆಗೆ ಒರಗಿದಳು. ಬಳ್ಳಾರಿಯ ಆ ಬಿಸಿಲಲ್ಲೂ ಅವಳ ತೋಳಿನ ಕೂದಲೆಲ್ಲ ನಿಮಿರಿತ್ತು.

“ಅರೆಪೀಯೊ” ಎಂದಳು.

“ಹಂಗಂದ್ರೇನವ್ವ? ಚಳಿಜ್ವರ ಏನು?”

“ಜ್ವರ ಅಲ್ಲಲೇ, ನಡುಕಾನೂ ಅಲ್ಲ. ಮೈಮ್ಯಾಲಿನ ಕೂದ್ಲು ನಿಂದರ್ತಾವಲ್ಲ, ಅದು. ಕುರುಗೋಡಿಗೆ ನಡಿ. ನನ್ನ ತಮ್ಮಗ ಏನೋ ಆಗೈತಿ.”

ಕುರುಗೋಡಿನಲ್ಲಿ ಒಬ್ಬರೇ ಇದ್ದ ಮಾವನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಅವ್ವನ ಸಮಾಧಾನಕ್ಕೆಂದೇ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟೆ. ಕುರುಗೋಡಿನ ಮನೆಗೆ ಒಳಗಿನಿಂದ ಅಗುಳಿ ಹಾಕಿತ್ತು. ಪಕ್ಕದವರ ಜತೆ ಸೇರಿ ಬಾಗಿಲು ಒಡೆದೆವು. ಮಾವ ಬಚ್ಚಲಲ್ಲಿ ಬಿದ್ದಿದ್ದರು. ಒಂದು ಕೈ ಸ್ವಾಧೀನ ತಪ್ಪಿತ್ತು. ಆಸ್ಪತ್ರೆಗೆ ಒಯ್ದೆವು, ಉಳಿದರು. ಒಡಹುಟ್ಟಿದ ಕರುಳು ಎಂದರು ಎಲ್ಲರೂ. ಕಾಕತಾಳೀಯ ಎಂದುಕೊಂಡೆ ನಾನು. ಆ ಪದವನ್ನು ಬಡಬಡಿಕೆಯೆಂದು ಮರೆತೂಬಿಟ್ಟೆ.

ಹೋದ ವರ್ಷ ಗೆಳೆಯನೊಬ್ಬನ ಮಾತಿಗೆ, ಸ್ಪೇನಿನಿಂದ ಬಂದಿದ್ದ ಮಹಿಳೆಯೊಬ್ಬರನ್ನು ಸಂಗನಕಲ್ಲಿನ ಗುಡ್ಡಕ್ಕೆ ಕರೆದೊಯ್ದೆ. ಅವರದು ಗಲೀಸಿಯ ಸೀಮೆ, ಮಾತೂ ಗಲೀಸಿಯನ್. ನಮ್ಮ ಈ ಗುಡ್ಡದ ಕಡೆ ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳಿವೆ. ಒಂದನ್ನು ಬಡಿದು ತೋರಿಸಿದೆ. ಅವರು ತೋಳು ಚಾಚಿ, ಎದ್ದು ನಿಂತ ಕೂದಲು ತೋರಿಸುತ್ತ “ಅರೆಪೀಯೊ” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಹಾಗೆಂದರೇನು ಎಂದು ಕೇಳಿದೆ. ಮೈ ಜುಮ್ಮೆನ್ನುವುದಕ್ಕೆ ತಮ್ಮ ಕಡೆಯ ಪದ, ಕೂದಲು ನೆಟ್ಟಗಾಗುವುದು ಎಂಬರ್ಥದ ಹಳೆಯ ಲ್ಯಾಟಿನ್ ಮಾತಿನಿಂದ ಹುಟ್ಟಿದ್ದು ಎಂದರು.

ಅವ್ವ ಸಿರುಗುಪ್ಪದ ಕಡೆಯವಳು, ಕೆಂಚನಗುಡ್ಡದಲ್ಲಿ ಹುಟ್ಟಿದವಳು. ಕನ್ನಡ, ತೆಲುಗು ಬಿಟ್ಟರೆ ಇನ್ನೊಂದು ಭಾಷೆ ಬಾರದು. ಹಿಂದೆ ಹಂಪಿಗೆ ಪೋರ್ಚುಗೀಸರು ಬರುತ್ತಿದ್ದರಲ್ಲ, ಅವರ ಮಾತು ಗಲೀಸಿಯನ್ನಿಗೆ ಹತ್ತಿರವಂತೆ, ಹಾಗೇನಾದರೂ ಉಳಿದಿರಬಹುದೇ ಎಂದು ಕೆಂಚನಗುಡ್ಡಕ್ಕೂ ಹೋಗಿ ವಯಸ್ಸಾದವರನ್ನು ವಿಚಾರಿಸಿದೆ. ಯಾರೊಬ್ಬರೂ ಆ ಪದ ಕೇಳಿರಲಿಲ್ಲ.

ಕಡೆಗೆ ತಡೆಯಲಾರದೆ, ಅವತ್ತು ಆಡಿದ ಆ ಪದ ಎಲ್ಲಿ ಕಲಿತೆ ಎಂದು ಅವ್ವನನ್ನೇ ಕೇಳಿದೆ.

“ನಾನೆಲ್ಲಿ ಹಂಗಂದೆ?” ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. “ಅವತ್ತು ನನ್ನ ಬಾಯಾಗ ಮಾತೇ ಹೊಂಡ್ಲಿಲ್ಲ. ನಿನ್ನ ಕೈ ಹಿಡದು ಬಾಗ್ಲ ಕಡಿ ಎಳದೆ, ಅಷ್ಟೇ. ಕುರುಗೋಡಿಗೆ ಹೋಗಾಣು ಅಂದಿದ್ದು ನೀನೇ.”

ಅವ್ವ ಸುಳ್ಳು ಹೇಳುವವಳಲ್ಲ. ಆ ದಿನ ಮನೆಯಲ್ಲಿ ನಾವಿಬ್ಬರೇ ಇದ್ದೆವು.