ಹಿಂದಿನಿಂದ ಕೂಗುವವಳು

ಹುಡುಗಿ ಇನ್ನೂ ಸಿದ್ಧಳಾಗಿಲ್ಲ ಎಂದು ನಾನು ಫೋನಿನಲ್ಲಿ ಹೇಳಿದ್ದು ದುಬೈಯ ನಮ್ಮವರಲ್ಲೆಲ್ಲ ಸುದ್ದಿಯಾಗಲು ಒಂದು ದಿನವೂ ಬೇಕಾಗಲಿಲ್ಲ. ಮರುದಿನ ಆಸ್ಪತ್ರೆಯ ಕೆಲಸ ಮುಗಿಸಿ ಅಲ್ ನಹ್ದಾದ ಟರ್ಫ್ ಮೈದಾನಕ್ಕೆ ಬಂದರೆ ನಮ್ಮ ಹಾಕಿ ಕ್ಲಬ್ಬಿನ ಸೆಕ್ರೆಟರಿ ಗೇಟಿನಲ್ಲೇ ನಿಂತಿದ್ದರು. ದೇರಾದಲ್ಲಿ ಸಗಟು ಅಂಗಡಿ ಇಟ್ಟುಕೊಂಡವರು. ಅರವತ್ತರ ಹತ್ತಿರದ ಪ್ರಾಯ, ಈಗಲೂ ಮಂಡಿಗೆ ಪಟ್ಟಿ ಕಟ್ಟಿಕೊಂಡು ನಮ್ಮ ಜೊತೆ ಆಡುತ್ತಾರೆ.

“ಎಂತ ಮಾರಾಯ್ರೇ ನಿಮ್ಮದು? ನಮ್ಮ ಕ್ಲಬ್ಬಿಂದ ಒಬ್ಬಳಾದ್ರೂ ಪ್ರೊಫೆಷನಲ್ ಆಟಕ್ಕೆ ಹೋಗ್ಲಿ ಅಂತ ನಾವು ಕಾಯ್ತಾ ಇದ್ರೆ ನೀವೇ ಅಡ್ಡಗಾಲು ಹಾಕುದಾ? ಆ ಹುಡುಗಿಗೆ ಎಂತ ಕಮ್ಮಿ ಉಂಟು?”

“ಬಾಯಿ ಕಮ್ಮಿ ಉಂಟು ಅಣ್ಣ.”

“ಬಾಯಾ? ಹಾಕಿ ಆಡುದು ಸ್ಟಿಕ್ಕಲ್ಲಿ, ಬಾಯಲ್ಲಿ ಅಲ್ಲ!”

ಜೀವನವಿಡೀ ಮುಂದೆ ನಿಂತು ಗೋಲು ಹೊಡೆದವರು ಹೀಗೆಯೇ ಮಾತಾಡುವುದು. ನಾನು ಹಿಂದೆ ನಿಂತು ಎದುರಾಳಿಯನ್ನು ತಡೆಯುವ ಫುಲ್ ಬ್ಯಾಕ್ ಆಡಿದವಳು, ಈಗ ಕ್ಲಬ್ಬಿನ ಹುಡುಗಿಯರಿಗೆ ಆಟ ಕಲಿಸುವವಳು. ಅವರಿಗೆ ಉತ್ತರ ಕೊಡುವ ಗೋಜಿಗೆ ಹೋಗದೆ ಬೂಟು ಹಾಕಿಕೊಂಡೆ.

ಫೋನ್ ಮಾಡಿದ್ದವಳು ಕಾಲೇಜು ದಿನಗಳಲ್ಲಿ ನನ್ನ ಜೊತೆ ರಾಜ್ಯಕ್ಕೆ ಆಡಿದ ಗೆಳತಿ. ಈಗ ಊರಿನಲ್ಲಿ ಸಂಬಳ ಕೊಟ್ಟು ಹೆಂಗಸರನ್ನು ಆಡಿಸುವ ಒಂದು ತಂಡಕ್ಕೆ ಮ್ಯಾನೇಜರ್. ತಂಡ ತರಬೇತಿ ಶಿಬಿರಕ್ಕೆಂದು ಅಬುಧಾಬಿಗೆ ಬಂದಿತ್ತು. ಬಂದ ವಾರದಲ್ಲೇ ಡಿಫೆಂಡರ್ ಒಬ್ಬಳ ಕಾಲು ಉಳುಕಿ ಜಾಗ ಖಾಲಿಯಾಗಿತ್ತು. “ನಿನ್ನ ಹತ್ರ ಒಬ್ಳು ಇದ್ದಾಳಂತೆ. ಸಿದ್ಧ ಇದ್ದಾಳೆ ಅಂತ ನೀನು ಹೇಳಿದ್ರೆ ಸಾಕು, ಕರ್ಸಿ ಆಡಿಸಿ ನೋಡ್ತೇನೆ. ಕ್ಯಾಂಪ್ ಮುಗಿಯುದ್ರೊಳಗೆ ಹೇಳು” ಎಂದಿದ್ದಳು. ಇನ್ನೂ ಇಲ್ಲ ಎಂದು ನಾನು ಹೇಳಿದ್ದೆ.

ಹುಡುಗಿಯನ್ನು ನೋಡಿದವರಿಗೆ ನನ್ನ ತಲೆ ಕೆಟ್ಟಿದೆ ಎನಿಸಿದರೆ ತಪ್ಪಿಲ್ಲ. ಹದಿನೆಂಟರ ಪ್ರಾಯ, ಚಿರತೆಯ ಓಟ. ಚೆಂಡಿಗೆ ಸ್ಟಿಕ್ ಇಟ್ಟರೆ ಎದುರಾಳಿ ಖಾಲಿ ಕೈಯಲ್ಲಿ ಮುಂದೆ ಹೋಗಿ ಹಿಂದೆ ತಿರುಗಿ ನೋಡಬೇಕು. ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯಿಂದ ತಾಯಿಯ ಜೊತೆ ಬಸ್ಸು ಬದಲಿಸಿಕೊಂಡು ಬರುತ್ತಿದ್ದಳು, ಒಂದು ದಿನವೂ ತಪ್ಪಿಸಿದವಳಲ್ಲ. ಮನೆಯಲ್ಲಿ ತುಳು. ಯಾವ ಭಾಷೆಯಲ್ಲಿ ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ, ಅದೂ ನಾವು ಕಿವಿ ಹತ್ತಿರ ತಂದರೆ ಮಾತ್ರ ಕೇಳಿಸುವಷ್ಟು. ನಮ್ಮಲ್ಲಿ ಹೆಂಗಸರು ಸಾಕಷ್ಟಿಲ್ಲದ ಕಾರಣ ಅಭ್ಯಾಸದಲ್ಲಿ ಗಂಡಸರೂ ಸೇರುತ್ತಾರೆ. ಅವಳ ಮುಂದೆ ನಿಲ್ಲುವವರೆಲ್ಲ ಅವಳನ್ನು ಎಲ್‌ಕೆಜಿಯಿಂದ ಕಂಡ ಅಂಕಲ್‌ಗಳು. “ಎಷ್ಟು ಸಾಧು ಹುಡುಗಿ, ದೊಡ್ಡವರ ಎದುರು ಒಂದು ಮಾತಿಲ್ಲ” ಎಂದು ಅವರಿಗೆಲ್ಲ ಹೆಮ್ಮೆ. ಆ ಹೊಗಳಿಕೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಡಿಫೆಂಡರನ್ನು ಅಳೆಯುವಾಗ ನಾನು ಚೆಂಡು ಕಸಿಯುವುದನ್ನು ನೋಡುವುದೇ ಇಲ್ಲ. ಚೆಂಡು ಆಚೆ ತುದಿಯಲ್ಲಿರುವಾಗ ಅವಳು ಎಲ್ಲಿ ನಿಂತಿದ್ದಾಳೆ, ಯಾರಿಗೆ ಏನು ಹೇಳುತ್ತಿದ್ದಾಳೆ ಎಂದು ನೋಡುತ್ತೇನೆ. ಇಡೀ ಟರ್ಫ್ ಕಾಣಿಸುವುದು ಹಿಂದೆ ನಿಂತವಳಿಗೆ. ಮುಂದಿನವರ ಬೆನ್ನಿಗೆ ಕಣ್ಣಿಲ್ಲ, ಅವರನ್ನು ಎಡಕ್ಕೆ ಬಲಕ್ಕೆ ಸರಿಸಬೇಕಾದವಳು ಅವಳು. ಈ ಹುಡುಗಿಗೆ ಎಲ್ಲವೂ ಕಾಣುತ್ತಿತ್ತು. ಆದರೆ ಅಂಕಲ್‌ಗೆ “ಹಿಂದೆ ಬಾ” ಎಂದು ಆಜ್ಞೆ ಮಾಡುವುದು ಹೇಗೆ? ಹಾಗಾಗಿ ಬಾಯಿ ಮುಚ್ಚಿಕೊಂಡು ತಾನೇ ಓಡುತ್ತಿದ್ದಳು. ಮೂರು ಮಂದಿಯ ಓಟ ಒಬ್ಬಳೇ ಓಡಿ, ಜಾರಿ ಬಿದ್ದು, ಕೊನೆಯ ಗಳಿಗೆಯಲ್ಲಿ ಚೆಂಡು ಹೊರಗೆ ತಳ್ಳಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅವರು ಚಪ್ಪಾಳೆ ತಟ್ಟಿದ್ದು ಅವಳ ತಪ್ಪಿಗೆ ಎಂದು ನಾನು ಹೇಳಿದರೆ ಯಾರಿಗೆ ಅರ್ಥವಾಗಬೇಕು! ನಮ್ಮ ಹೊಟ್ಟೆ ಬಂದ ಗಂಡಸರ ಎದುರು ಆ ಓಟ ನಡೆಯುತ್ತದೆ. ಸಂಬಳಕ್ಕೆ ಆಡುವವರ ಎದುರು ನಡೆಯುವುದಿಲ್ಲ. ಮೊದಲ ವಾರದಲ್ಲೇ ಮುರಿದು ವಾಪಸ್ ಕಳಿಸುತ್ತಾರೆ, ಹಾಗೆ ವಾಪಸ್ ಬಂದವಳನ್ನು ಮತ್ತೆ ಯಾರೂ ಕರೆಯುವುದಿಲ್ಲ. ನನಗಿದ್ದ ಹೆದರಿಕೆ ಅದೊಂದೇ.

ಹಾಗೆಂದು ಕೈಕಟ್ಟಿ ಕೂತವಳೂ ನಾನಲ್ಲ. ಗೋಲಿನ ಮುಂದೆ ನಾಲ್ಕು ಕೋನ್ ಇಟ್ಟು ಚೌಕ ಮಾಡಿ ಅವಳನ್ನು ಒಳಗೆ ನಿಲ್ಲಿಸಿದೆ.

“ಇದರಿಂದ ಹೊರಗೆ ಕಾಲಿಟ್ಟರೆ ಜಾಗ್ರತೆ. ಓಡಬಾರದು. ಯಾರು ಎಲ್ಲಿಗೆ ಹೋಗಬೇಕೋ ನೀನೇ ಹೇಳಬೇಕು.”

“ಆಂಟಿ, ಐ ಕಾಂಟ್ ಶೌಟ್ ಅಟ್ ಅಂಕಲ್ಸ್” ಎಂದಳು, ನೆಲ ನೋಡುತ್ತ.

“ಹಾಗಾದ್ರೆ ಗೋಲ್ ತಿನ್ನು.”

ತಿಂದಳು. ಒಂದರ ಹಿಂದೆ ಒಂದು. ಅಂಕಲ್‌ಗಳಿಗೆ ಮೊದಮೊದಲು ತಮಾಷೆ, ಆಮೇಲೆ ಕನಿಕರ. “ಪಾಪ, ಬಿಡಿ ಮ್ಯಾಡಮ್” ಎಂದರು. ನಾನು ಬಿಡಲಿಲ್ಲ. ಮೂರನೆಯ ಸಂಜೆ ಅವಳು ಚೌಕದೊಳಗೇ ಅತ್ತಳು. ಕಣ್ಣೊರೆಸಿಕೊಂಡು ಪುನಃ ನಿಂತಳು, ಹೊರಗೆ ಮಾತ್ರ ಬರಲಿಲ್ಲ.

ಅವಳ ತಾಯಿಗೆ ತಡೆಯಲಾಗಲಿಲ್ಲ. ಹೋಟೆಲೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸ, ಯೂನಿಫಾರ್ಮಿನಲ್ಲೇ ಬಂದು ಬದಿಯ ಬೆಂಚಿನಲ್ಲಿ ಕೂರುವ ಹೆಂಗಸು. ಎದ್ದು ಬಂದು ನನ್ನ ಎದುರು ನಿಂತಳು.

“ಅಕ್ಕ, ನೀವು ಆಟ ಕಲಿಸಿ, ಬೇಡ ಹೇಳುದಿಲ್ಲ. ಹೆಣ್ಣು ಹುಡುಗಿಗೆ ದೊಡ್ಡವರ ಮೇಲೆ ಕಿರುಚ್ಲಿಕ್ಕೆ ಯಾಕೆ ಕಲಿಸ್ತೀರಿ? ನಾಳೆ ಜನ ನನಗೆ ಹೇಳುದಿಲ್ವಾ, ಮಗಳನ್ನು ಸರಿ ಬೆಳೆಸ್ಲಿಲ್ಲ ಅಂತ?”

“ಹೇಳ್ಲಿ. ನನ್ನ ಅಮ್ಮನಿಗೂ ಹೇಳಿದ್ರು.”

ಸುಳ್ಳಲ್ಲ. ನನ್ನ ಪ್ರಾಯಕಾಲದಲ್ಲಿ ಮಂಗಳೂರಿನ ಮೈದಾನದ ಹೊರಗೆ ನಿಂತವರಿಗೂ ನನ್ನ ಧ್ವನಿ ಕೇಳುತ್ತಿತ್ತು. ಬಜಾರಿ ಎಂದರು, ಗಂಡುಬೀರಿ ಎಂದರು, ಇವಳನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂದು ಇಗರ್ಜಿಯ ಮೆಟ್ಟಿಲಲ್ಲೇ ಅಮ್ಮನನ್ನು ಕೇಳಿದರು. ಅಮ್ಮ ಮನೆಗೆ ಬಂದು ಅತ್ತಿದ್ದಳು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ನಾಚಿಕೆ ಮಾತ್ರ ಒಂದು ಚೂರೂ ಇಲ್ಲ.

ಶಿಬಿರ ಮುಗಿಯುವ ದಿನ ಹತ್ತಿರ ಬರುತ್ತಿತ್ತು. ಸೆಕ್ರೆಟರಿ ನನ್ನೊಡನೆ ಮಾತು ಬಿಟ್ಟಿದ್ದರು. ಒಂದು ಸಂಜೆ ಅಭ್ಯಾಸದ ಪಂದ್ಯದಲ್ಲಿ ಅವರು ಹುಡುಗಿಯ ಮುಂದೆಯೇ ನಿಂತಿದ್ದರು, ಸೊಂಟಕ್ಕೆ ಕೈಯಿಟ್ಟು ಉಸಿರು ತೆಗೆಯುತ್ತ. ಅವರ ಎಡಗಡೆಯಿಂದ ಎದುರಿನ ಪಡೆಯ ಹುಡುಗನೊಬ್ಬ ನುಗ್ಗಿದ, ಚೆಂಡು ಅವನತ್ತಲೇ ಹೊರಟಿತ್ತು. ನಾನು ಹುಡುಗಿಯ ಕಾಲುಗಳನ್ನೇ ನೋಡುತ್ತಿದ್ದೆ. ಕೋನ್‌ಗಳು ಆ ದಿನ ಇರಲಿಲ್ಲ, ಅವಳು ಓಡಬಹುದಿತ್ತು. ಓಡಲಿಲ್ಲ.

“ಅಂಕಲ್, ಲೆಫ್ಟ್! ಲೆಫ್ಟ್! ನಿಂತದ್ದೆಂತ? ಗೋ!”

ಆ ಧ್ವನಿ ಅವಳ ಪುಟ್ಟ ಗಂಟಲೊಳಗೆ ಇಷ್ಟು ಕಾಲ ಎಲ್ಲಿ ಅಡಗಿತ್ತೋ ದೇವರೇ ಬಲ್ಲ. ಸೆಕ್ರೆಟರಿ ಬೆಚ್ಚಿಬಿದ್ದು ಎಡಕ್ಕೆ ಹಾರಿದರು, ಚೆಂಡು ಬಂದು ಅವರ ಸ್ಟಿಕ್ಕಿಗೇ ಬಡಿಯಿತು. ಗೋಲು ತಪ್ಪಿತು. ಅವರಿಗೆ ಅದರ ಖುಷಿ ಎಲ್ಲಿ! “ನನ್ನ ಮೊಮ್ಮಗಳ ಪ್ರಾಯದವಳು, ಎಲ್ಲರ ಎದುರು ನಿಂತದ್ದೆಂತ ಕೇಳ್ತಾಳೆ” ಎಂದು ಗೊಣಗುತ್ತ ಹೊರಗೆ ನಡೆದರು. ತಾಯಿ ಓಡಿಬಂದು ಮಗಳ ರಟ್ಟೆ ಹಿಡಿದಳು. “ಹೋಗು, ಅಂಕಲ್‌ಗೆ ಸಾರಿ ಹೇಳು. ಈಗಲೇ.”

“ಸಾರಿ ಹೇಳಿದ್ರೆ ನಾಳೆಯಿಂದ ಇಲ್ಲಿಗೆ ಬರುದು ಬೇಡ” ಎಂದು ನಾನೂ ಕೂಗಿದೆ. ಹುಡುಗಿ ನಮ್ಮಿಬ್ಬರನ್ನೂ ನೋಡಿದಳು.

“ಅಮ್ಮ, ಅಂಕಲ್ ಹೋಗದಿದ್ರೆ ಗೋಲ್ ಆಗ್ತಿತ್ತು. ಸಾರಿ ಎಂತಕ್ಕೆ?”

ಕೂಗಿ ಹೇಳಲಿಲ್ಲ, ಪಿಸುಗುಟ್ಟಲೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾನು ಅಲ್ಲೇ ಬೆಂಚಿನಿಂದ ಫೋನ್ ತೆಗೆದು ಅಬುಧಾಬಿಗೆ ಹಚ್ಚಿದೆ. “ಖಲಾಸ್, ಹುಡುಗಿ ಸಿದ್ಧ. ಕಳಿಸ್ತೇನೆ” ಎಂದೆ.

ಅವಳನ್ನೂ ತಾಯಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ನಾನೇ ಹೋದೆ. ದಾರಿಯುದ್ದಕ್ಕೂ ತಾಯಿ ಜಪಮಣಿ ಎಣಿಸುತ್ತಿದ್ದಳು. ಅಲ್ಲಿ ತಂಡದವರೇ ಎರಡು ಪಾಲಾಗಿ ಆಡುವ ಪಂದ್ಯ. ನಮ್ಮ ಹುಡುಗಿಯ ಮುಂದೆ ನಿಂತವಳು ತಂಡದ ನಾಯಕಿ, ದೇಶಕ್ಕೆ ಆಡಿದವಳು. ಮೊದಲ ಕೆಲವು ನಿಮಿಷ ಸದ್ದಿಲ್ಲ. ಆಮೇಲೆ ಕೇಳಿಸಿತು, ಸ್ಪಷ್ಟವಾಗಿ, ಹಿಂದಿನಿಂದ: “ಡ್ರಾಪ್ ಬ್ಯಾಕ್! ಬಲಕ್ಕೆ! ಅವಳನ್ನು ಬಿಡಬೇಡ!” ನಾಯಕಿ ತಿರುಗಿಯೂ ನೋಡದೆ ಹೇಳಿದಲ್ಲಿಗೆ ಹೋದಳು. ಅಲ್ಲಿ ಯಾರಿಗೂ ಅದು ಸುದ್ದಿಯೇ ಆಗಲಿಲ್ಲ.

ಅರ್ಧ ಆಟ ಮುಗಿದಾಗ ನನ್ನ ಗೆಳತಿ ನಾವು ಕೂತಿದ್ದ ಗ್ಯಾಲರಿಯ ಮೆಟ್ಟಿಲು ಹತ್ತಿ ಬಂದಳು. “ಇವಳನ್ನು ವಾಪಸ್ ಕೊಡುದಿಲ್ಲ ಮಾರಾಯ್ತಿ” ಎಂದು ಹೇಳಿ ನಿಲ್ಲದೆ ಇಳಿದು ಹೋದಳು. ತಾಯಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಆಟ ಪುನಃ ಶುರುವಾಯಿತು. ಹುಡುಗಿ ನಿಂತ ಜಾಗ ನನಗೆ ಸರಿ ಕಾಣಲಿಲ್ಲ, ಗೋಲಿನಿಂದ ತೀರಾ ಮುಂದೆ. ನಾನು ಎದ್ದುನಿಂತು ನನ್ನ ಹಳೆಯ ಗಂಟಲಲ್ಲಿ ಕೂಗಿದೆ: “ಹಿಂದೆ ಬಾ! ಏ, ಹಿಂದೆ!”

ಅವಳು ತಲೆ ತಿರುಗಿಸಲಿಲ್ಲ. ಕಣ್ಣು ಚೆಂಡಿನ ಮೇಲೆಯೇ ಇಟ್ಟು, ಸ್ಟಿಕ್ ಇಲ್ಲದ ಕೈಯನ್ನು ನನ್ನ ಕಡೆಗೆ ಎತ್ತಿ ಅಂಗೈ ತೋರಿಸಿದಳು. ಸುಮ್ಮನಿರಿ ಎಂದು. ಮುಂದಿನ ಕ್ಷಣವೇ ಚೆಂಡು ಅವಳು ನಿಂತಲ್ಲಿಗೇ ಬಂತು, ತೆಗೆದುಕೊಂಡು ಹೋದಳು.

ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ಅಯ್ಯೋ ಅಕ್ಕ, ನಿಮಗೇ… ನಾನು ಅವಳಿಗೆ ಹೇಳ್ತೇನೆ…”

“ಒಂದು ಮಾತು ಹೇಳಿದ್ರೆ ನೋಡು” ಎಂದೆ. ಎದೆಯೊಳಗೆ ಚುರ್ ಎಂದದ್ದು ನಿಜ. ಕಣ್ಣು ಒದ್ದೆಯಾದದ್ದೂ ನಿಜ. ಬಾಯಿ ಮುಚ್ಚಿಕೊಂಡು ಕೂತೆ, ಆಟ ಮುಗಿಯುವವರೆಗೂ.